ಕಸ್ತೂರಿಯ ಬಿಲ್ಲೆ

ನನ್ನ ತಂಗಿ ಕಸ್ತೂರಿಯ ಮದುವೆಯ ದಿನ ಅವಳ ಬಿಲ್ಲೆಯಿಂದ ನನ್ನ ಅಂಗೈಯನ್ನು ತೆಗೆದವಳು ನಾನೇ. ಊರಿನ ಬಿಲ್ಲೆಗಳನ್ನು ಆಲಿಸಿ ಕಾಯುವ ಆಲಿಕೆಮನೆಯಲ್ಲಿ ಆ ಕೆಲಸ ಬಲ್ಲವರು ಆಗ ಮೂವರಿದ್ದೆವು. ಉಳಿದಿಬ್ಬರಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರು ಕಾವಲಿಗೆ ಕೂತಿದ್ದರು. ಹಂದರದ ಕೆಳಗೆ ಕಸ್ತೂರಿ ಎಡಗೈ ಚಾಚಿ ಕೂತಳು. ಮಣಿಕಟ್ಟಿನ ಬಿಲ್ಲೆಯ ಹಿಂಬದಿಯ ತಿರುಪನ್ನು ಸಣ್ಣ ಕೀಲಿಯಿಂದ ಸಡಿಲಿಸಿ ಮೊದಲು ನಮ್ಮವ್ವನ ಅಂಗೈಯನ್ನು ಅಳಿಸಿದೆ, ಆಮೇಲೆ ನನ್ನದನ್ನು. ಅವಳ ಗಂಡ ಬಸಲಿಂಗ ಬಂದು ಬಿಲ್ಲೆಯ ಮೇಲೆ ಅಂಗೈ ಇಟ್ಟ. ಅವನ ತಾಯಿ ನೀಲಗಂಗವ್ವ ಇಟ್ಟಳು. ಬಿಲ್ಲೆ ಎರಡು ಸಲ ಮಿನುಗಿ ಇಬ್ಬರನ್ನೂ ಒಪ್ಪಿಕೊಂಡಿತು. ಜನ ಅಕ್ಷತೆ ಹಾಕಿದರು. ಒಮ್ಮೆ ಅಳಿಸಿದ ಅಂಗೈಯನ್ನು ಮತ್ತೆ ಸೇರಿಸಲು ಬರುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಎಲ್ಲ ಹೆಣ್ಣುಮಕ್ಕಳ ಬಿಲ್ಲೆಗೂ ಹಾಗೆಯೇ ಮಾಡಿದ್ದೆ. ಅವತ್ತು ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ನಮ್ಮ ಊರು ಸವುಳು ಬಯಲಿನ ಅಂಚಿನಲ್ಲಿದೆ. ಮನೆಗಳು ಮುಗಿದಲ್ಲಿ ಬಯಲು ಶುರುವಾಗುತ್ತದೆ. ಅದರ ಆಚೆ ದಂಡೆಯನ್ನು ಕಂಡವರಿಲ್ಲ. ಊರಿನ ಅರ್ಧ ಜನ ಅಲ್ಲಿ ಸವುಳು ಕೆರೆದು ಚೀಲ ತುಂಬಿ ಬದುಕುತ್ತಾರೆ. ಅಲ್ಲಿ ಯಾವ ಹೊತ್ತಿಗಾದರೂ ಮಬ್ಬು ಏಳುತ್ತದೆ. ಎದ್ದರೆ ಚಾಚಿದ ಕೈಯ ಬೆರಳು ಕಾಣದಷ್ಟು ಬಿಳಿ. ನಡುನಡುವೆ ಉಸುಬು, ಕಾಲಿಟ್ಟರೆ ಸೊಂಟದ ತನಕ ಎಳೆದುಕೊಳ್ಳುವ ನೆಲ. ಅದಕ್ಕಾಗಿಯೇ ಬಿಲ್ಲೆ. ಪ್ರತಿಯೊಬ್ಬರ ಬಿಲ್ಲೆಗೂ ಒಂದೊಂದು ಸ್ವರ. ಆಲಿಕೆಮನೆಯ ಮಾಳಿಗೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಆಂಟೆನಾದ ಚಕ್ರವನ್ನು ನಿಧಾನ ತಿರುಗಿಸಿದರೆ ಯಾರು ಯಾವ ದಿಕ್ಕಿನಲ್ಲಿದ್ದಾರೆಂದು ತಿಳಿಯುತ್ತದೆ. ಹುಡುಕಲು ಹೊರಟವರು ನಮ್ಮ ಕೊಂಬಿನ ಸದ್ದನ್ನು ಬೆನ್ನಿಗಿಟ್ಟುಕೊಂಡು ನಡೆಯುತ್ತಾರೆ. ಒಂದು ಕೂಗಿಗೆ ಎಡಕ್ಕೆ, ಎರಡು ಕೂಗಿಗೆ ಬಲಕ್ಕೆ. ಎಡೆಬಿಡದೆ ಊದಿದರೆ ಸದ್ದಿನ ಕಡೆ ಮರಳಿ ಬರಬೇಕು ಎಂದು ಅರ್ಥ.

ಬಿಲ್ಲೆಯ ಬ್ಯಾಟರಿ ಅಂಗೈಯಿಂದ ಚಾರ್ಜಾಗುತ್ತದೆ. ತನ್ನ ಅಂಗೈಯಿಂದ ಆಗುವುದಿಲ್ಲ, ಇನ್ನೊಬ್ಬರದೇ ಬೇಕು. ಅದೂ ಮನೆಯಲ್ಲಿ ಹುಟ್ಟೋ ಮದುವೆಯೋ ಆದಾಗ ಬಿಲ್ಲೆ ಒಪ್ಪಿಕೊಂಡವರದು ಮಾತ್ರ. ಒಂದು ತಾಸು ಹಿಡಿದರೆ ಎಂಟು ದಿನ ಬರುತ್ತದೆ. ಸಂಜೆ ಹೊತ್ತು ನಮ್ಮ ಓಣಿಯಲ್ಲಿ ನಡೆದರೆ ಮನೆಮನೆಯ ಕಟ್ಟೆಯ ಮೇಲೆ ಜನ ಒಬ್ಬರ ಮಣಿಕಟ್ಟನ್ನು ಒಬ್ಬರು ಹಿಡಿದು ಕೂತಿರುವುದು ಕಾಣುತ್ತದೆ. ಮಕ್ಕಳು ಒಂದು ಕೈಯಲ್ಲಿ ಅಜ್ಜನ ಬಿಲ್ಲೆ ಹಿಡಿದು ಇನ್ನೊಂದರಲ್ಲಿ ಮಗ್ಗಿ ಬರೆಯುತ್ತಾರೆ. ಚಾರ್ಜು ಮುಗಿಯುವ ಕೊನೆಯ ಎರಡು ದಿನ ಸ್ವರ ನಡುಗುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತ ಬಿಲ್ಲೆಯವರಿಗೆ ನೀರಿನ ಕಟ್ಟೆಯ ಬಾಗಿಲು ತೆರೆಯುವುದಿಲ್ಲ, ಕಣಜದ ಬಾಗಿಲು ತೆರೆಯುವುದಿಲ್ಲ. ಹನ್ನೊಂದು ದಿನ ಹಾಗೇ ಉಳಿದರೆ ಆಲಿಕೆಮನೆಯ ಹಿರಿಯರು ಹಲಗೆಯಿಂದ ಆ ಹೆಸರನ್ನು ಇಳಿಸಿ, ಸ್ವರವನ್ನು ಮುಂದೆ ಹುಟ್ಟುವ ಕೂಸಿಗೆ ಕೊಡುತ್ತಾರೆ.

ಬಸಲಿಂಗ ಕೆಟ್ಟ ಬಾಯಿಯ ಮನುಷ್ಯನಲ್ಲ. ಚೀಲ ಹೊಲಿಯುವ ಅಂಗಡಿ ಅವನದು. ಮನೆಗೆ ಅಂಟಿಕೊಂಡೇ ಇತ್ತು. ನಾಲ್ಕು ಹೊಲಿಗೆ ಯಂತ್ರ, ಎದುರಿಗೆ ಒಂದು ಬೇವಿನ ಮರ. ಮದುವೆಗೆ ಮುಂಚೆ ಕಸ್ತೂರಿ ಬಯಲಿನ ಕೆಲಸಕ್ಕೆ ಹೋಗುತ್ತಿದ್ದಳು. ಉಸುಬು ಎಲ್ಲಿದೆ ಎಂದು ಅವಳ ಅಂಗಾಲಿಗೇ ಗೊತ್ತಾಗುತ್ತಿತ್ತು; ಗಂಡಸರು ಅವಳ ಹಿಂದೆ ಹೆಜ್ಜೆ ಹಾಕುತ್ತಿದ್ದರು. ಮದುವೆಯಾಗಿ ವರ್ಷ ತುಂಬಿದ ಮೇಲೆ ಮತ್ತೆ ಹೋಗುತ್ತೇನೆ ಎಂದು ಕೇಳಿದಳಂತೆ. ಬಸಲಿಂಗ ಬೇಡ ಎಂದ. ಅವಳು ಒಂದು ದಿನ ಹೋಗಿಬಂದಳು. ಅವತ್ತು ಸಂಜೆ ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಊಟ ಮಾಡಿದ, ಕೈ ಒರೆಸಿಕೊಂಡ, ಚಾಪೆ ಹಾಸಿ ಮಲಗಿದ. ಕಸ್ತೂರಿ ಕೈ ಚಾಚಿಕೊಂಡು ಪಕ್ಕದಲ್ಲಿ ಕೂತೇ ಇದ್ದಳು. ಮರುದಿನವೂ ಹಾಗೆಯೇ. ಆಮೇಲೆ ಅವಳು ಚಾಚುವುದನ್ನು ಬಿಟ್ಟಳು.

ಆಗ ಅವಳನ್ನು ಉಳಿಸಿದವಳು ನೀಲಗಂಗವ್ವ. ಮಗ ಅಂಗಡಿಯಲ್ಲಿರುವಾಗ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ಒಂದು ಕೈಯಲ್ಲಿ ಬೇಳೆಯ ಕಲ್ಲು ಆರಿಸುತ್ತ ಇನ್ನೊಂದರಲ್ಲಿ ಸೊಸೆಯ ಮಣಿಕಟ್ಟು ಹಿಡಿಯುತ್ತಿದ್ದಳು. ಇವನ ಅಪ್ಪನೂ ಹೀಗೇ ಇದ್ದ ಎಂದು ಒಂದು ಸಲ ಹೇಳಿದಳಂತೆ, ಅಷ್ಟೇ. ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ನೀಲಗಂಗವ್ವನಿಗೆ ಮರೆವು ಶುರುವಾಯಿತು. ಮೊದಲು ಉಪ್ಪಿನ ಡಬ್ಬಿ ಎಲ್ಲಿಟ್ಟೆ ಎನ್ನುವುದು, ಆಮೇಲೆ ಓಣಿಯ ಹೆಸರು, ಆಮೇಲೆ ಸೊಸೆ. ಯಾರೋ ಹೆಂಗಸು ಬಂದು ತನ್ನ ಕೈ ಹಿಡಿದು ಎಳೆಯುತ್ತಾಳೆ ಎಂದು ಹೆದರಿ ಕೂಗತೊಡಗಿದಳು. ಕಸ್ತೂರಿ ಆ ಕೈಯನ್ನೂ ಕೇಳುವುದನ್ನು ಬಿಟ್ಟಳು.

ನಾನು ಅವಳ ಸ್ವರ ನಡುಗುವುದನ್ನು ಕೇಳಿದೆ. ಊರಿನಲ್ಲಿ ಎಷ್ಟೋ ಬಿಲ್ಲೆಗಳು ನಡುಗುತ್ತವೆ, ಒಂದೆರಡು ದಿನಕ್ಕೆ ಸರಿಯಾಗುತ್ತವೆ. ಮರೆತಿರಬೇಕು ಎಂದು ನಾವು ಗಮನ ಕೊಡುವುದಿಲ್ಲ. ಕಸ್ತೂರಿಯದು ಒಂದೇ ತಿಂಗಳಲ್ಲಿ ಮೂರು ಸಲ ನಡುಗಿತು. ನಾಲ್ಕನೆಯ ಸಲ ಅರ್ಧ ದಿನ ಪೂರ್ತಿ ನಿಂತು ಮತ್ತೆ ಬಂತು. ಅವಳ ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಬಡಿಯುತ್ತಲೇ ಎಲ್ಲವನ್ನೂ ಹೇಳಿದಳು. ಹಿಂದಿನ ರಾತ್ರಿ ಬಸಲಿಂಗ ನಿದ್ದೆಯಲ್ಲಿದ್ದಾಗ ಅವನ ಅಂಗೈಯ ಕೆಳಗೆ ತನ್ನ ಮಣಿಕಟ್ಟನ್ನು ಸರಿಸಿಟ್ಟುಕೊಂಡಿದ್ದಳಂತೆ. ಕಳ್ಳತನ ಮಾಡಿದ ಹಾಗಾಯಿತು, ಇನ್ನೊಮ್ಮೆ ಮಾಡುವುದಿಲ್ಲ ಎಂದಳು. ನಾನು ಬಿಲ್ಲೆಯ ಮೇಲೆ ಅಂಗೈ ಇಟ್ಟೆ. ಇಡಬಾರದಿತ್ತು. ಇಬ್ಬರೂ ಬಿಲ್ಲೆಯ ಮೇಲಿನ, ಚಾರ್ಜು ತೋರಿಸುವ ಸಣ್ಣ ದೀಪವನ್ನು ನೋಡುತ್ತ ಕೂತೆವು. ಅದು ಸ್ವಲ್ಪವೂ ಏರಲಿಲ್ಲ.

ಬಸಲಿಂಗನನ್ನು ಅಂಗಡಿಯಲ್ಲಿ ಕಂಡು ಮಾತಾಡಿದೆ. ಚಹಾ ತರಿಸಿಕೊಟ್ಟ, ಮನೆಯ ಮಾತು ಮನೆಯಲ್ಲಿರಲಿ ಎಂದ. ನಮ್ಮ ಆಲಿಕೆಮನೆಯ ಹಿರಿಯರು ವೀರಭದ್ರಪ್ಪನವರು. ಊರಿನ ಎಲ್ಲ ಬಿಲ್ಲೆಗಳ ನ್ಯಾಯ ಅವರದೇ. ಅವರ ಹತ್ತಿರ ಹೋದೆ. ಪೂರ್ತಿ ಕೇಳಿಸಿಕೊಂಡು, ಅಂಗಿಯ ತೋಳನ್ನು ತಮ್ಮ ಮಣಿಕಟ್ಟಿನ ಮೇಲೆ ಎಳೆದುಕೊಂಡರು.

"ಕೈ ಹಿಡಿ ಅಂತ ಅಪ್ಪಣಿ ಮಾಡಾಕ ಬರೂದಿಲ್ಲ ಅನಸವ್ವ," ಎಂದರು. "ಬಂದಿದ್ರ ಎಷ್ಟು ಚಲೋ ಇತ್ತು."

ಆಲಿಕೆಮನೆಯ ಯಂತ್ರಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರು ದಸ್ತಗೀರ್ ಸಾಹೇಬರು. ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿಲ್ಲ. ಆದರೂ ಅವರ ಬಿಲ್ಲೆಯ ಸ್ವರ ಒಂದು ದಿನವೂ ನಡುಗಿರಲಿಲ್ಲ. ಯಾರೋ ನೆಂಟರು ಬಂದು ಹಿಡಿದು ಹೋಗುತ್ತಾರೆ ಎಂದು ನಾವು ಅಂದುಕೊಂಡಿದ್ದೆವು. ಒಂದು ಮಧ್ಯಾಹ್ನ ನನ್ನ ಹೆಡ್‌ಫೋನಿಗೆ ಬೆಸುಗೆ ಹಾಕುತ್ತ, ತಂಗಿ ಹೇಗಿದ್ದಾಳೆ ಎಂದು ಅವರು ಕೇಳಿದರು. ನನಗೆ ಅಳು ಬಂತು. ಸಾಹೇಬರು ಬೆಸುಗೆ ಮುಗಿಸಿದರು, ತಂತಿ ಆರುವ ತನಕ ಊದಿದರು, ಆಮೇಲೆ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಮಂಚದ ಕೆಳಗಿನಿಂದ ಜರಡಿಯಷ್ಟು ಅಗಲದ ಒಂದು ಕಟ್ಟಿಗೆಯ ಬಳೆಯನ್ನು ಹೊರಗೆಳೆದರು. ಅದರ ಸುತ್ತ ತಾಮ್ರದ ತಂತಿ ಸುತ್ತಿತ್ತು, ಎಷ್ಟು ಒತ್ತಾಗಿ ಎಂದರೆ ಸೂಜಿ ಹೋಗಲೂ ಜಾಗವಿರಲಿಲ್ಲ. ಅದನ್ನು ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ಗಾಲಿಗೆ ಸಿಕ್ಕಿಸಿ, ಪೆಡಲು ತುಳಿಯುತ್ತ ಬಳೆಯೊಳಗೆ ಕೈ ಇಟ್ಟರು. ಅವರ ಬಿಲ್ಲೆಯ ದೀಪ ಏರಿತು. ಯಾರ ಅಂಗೈಯೂ ಅದರ ಮೇಲಿರಲಿಲ್ಲ.

ಹೆಂಡತಿ ಹೋದ ಮೇಲೆ ಏಳು ದಿನ ಹಗಲೂ ಇರುಳೂ ಕೂತು ಅದನ್ನು ಸುತ್ತಿದೆ ಎಂದರು. ಯಾರಿಗೂ ಹೇಳದಿದ್ದುದಕ್ಕೆ ಕಾರಣವಿತ್ತು. ಅದು ನಡೆಯುವಾಗ ಸುತ್ತಲಿನ ಗಾಳಿಯೆಲ್ಲ ಗದ್ದಲವಾಗುತ್ತದೆ. ಆಲಿಕೆಮನೆಯಿಂದ ನೋಡಿದರೆ ಅದರ ಆಚೆಗಿರುವ ಯಾವ ಬಿಲ್ಲೆಯೂ ಕೇಳಿಸುವುದಿಲ್ಲ. ಹಾಗಾಗಿ ಬಯಲಿಗೆ ಹೋದವರೆಲ್ಲ ಮರಳಿ, ಕಾವಲಿನವರು ಹೆಡ್‌ಫೋನು ತೆಗೆದಿಟ್ಟ ಮೇಲೆ, ದೀಪ ಹಚ್ಚುವ ಹೊತ್ತಿಗೆ ಮಾತ್ರ ಅವರು ಅದನ್ನು ನಡೆಸುತ್ತಿದ್ದರು. ಇನ್ನೊಂದು ಬಳೆಯನ್ನು ಅವರು ಎಂಟು ದಿನದಲ್ಲಿ ಮಾಡಿಕೊಟ್ಟರು. ಅದನ್ನು ನಾನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಹೋಗಿ ಕಸ್ತೂರಿಗೆ ಕೊಟ್ಟೆ, ಹೊತ್ತಿನ ವಿಷಯವನ್ನು ಎರಡೆರಡು ಸಲ ಹೇಳಿದೆ. ಬಸಲಿಂಗ ದಿನವೂ ಆ ಹೊತ್ತಿಗೆ ಚೀಲದ ಗಾಡಿಯ ಜೊತೆ ಉಗ್ರಾಣಕ್ಕೆ ಹೋಗುತ್ತಿದ್ದ. ಅವಳು ಅಂಗಡಿಯಲ್ಲಿ ಕೂತು ತುಳಿಯುತ್ತಿದ್ದಳು. ಓಣಿಯವರಿಗೆ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತಿತ್ತು, ಕಸ್ತೂರಿ ಎಷ್ಟು ದುಡಿಯುತ್ತಾಳೆ ಎನ್ನುತ್ತಿದ್ದರು. ಏಳು ತಿಂಗಳು ಅವಳ ಸ್ವರ ನಡುಗಲಿಲ್ಲ.

ಅವತ್ತು ಸಂಜೆ ನಾನೇ ಕಾವಲಿಗೆ ಕೂತಿದ್ದೆ. ಹಿಂದಿನ ಒಂದು ವಾರ ಬಸಲಿಂಗ ಕಾಲು ಉಳುಕಿ ಮನೆಯಲ್ಲೇ ಇದ್ದುದರಿಂದ ಕಸ್ತೂರಿಗೆ ಬಳೆ ಹಿಡಿಯಲು ಆಗಿರಲಿಲ್ಲ. ಅವಳ ಸ್ವರ ಹಿಂದಿನ ದಿನ ಬೆಳಗಿನಿಂದ ನಡುಗುತ್ತಿತ್ತು. ಬಯಲಿನವರು ಮರಳಿದ್ದರೂ ನಾನು ಹೆಡ್‌ಫೋನು ತೆಗೆದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಪಡುವಣ ದಿಕ್ಕಿನಲ್ಲಿ, ಒಣಬಟ್ಟೆ ಹರಿದಂಥ ಪರಿಚಿತ ಗದ್ದಲ ಶುರುವಾಯಿತು. ಸದ್ಯ, ಕೂತಳು ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲೇ ಕುಂಟುತ್ತ ಬಸಲಿಂಗ ಮಾಳಿಗೆ ಹತ್ತಿ ಬಂದ. ಉಗ್ರಾಣದಿಂದ ಬರುವಾಗ ಯಾರೋ ಹೇಳಿದರಂತೆ, ಅವನ ತಾಯಿ ಬಯಲಿನ ಕಡೆ ನಡೆದು ಹೋಗುವುದನ್ನು ಕಂಡೆವು ಎಂದು. ಅಷ್ಟರಲ್ಲಿ ಮಬ್ಬು ಎದ್ದಿತ್ತು. ಕಿಟಕಿಯಾಚೆ ಬೇಲಿಯೂ ಕಾಣುತ್ತಿರಲಿಲ್ಲ.

ವೀರಭದ್ರಪ್ಪನವರು ತಾವೇ ಇನ್ನೊಂದು ಹೆಡ್‌ಫೋನು ಹಾಕಿಕೊಂಡರು. ನಾನು ಚಕ್ರ ತಿರುಗಿಸಿದೆ. ಪಡುವಣಕ್ಕೆ ಬಂದಾಗಲೆಲ್ಲ ಗದ್ದಲ ಬಿಟ್ಟು ಬೇರೇನೂ ಇಲ್ಲ. ಯಂತ್ರ ಕೆಟ್ಟಿರಬೇಕು, ದಸ್ತಗೀರ್ ಸಾಹೇಬರನ್ನು ಕರೆಯಿರಿ ಎಂದರು ಹಿರಿಯರು. ನಾನು ಹೆಡ್‌ಫೋನು ತೆಗೆದೆ, ಸೆರಗಿನಿಂದ ಒರೆಸಿದೆ, ಮತ್ತೆ ಹಾಕಿಕೊಂಡೆ. ಅಷ್ಟು ಹೊತ್ತು ಬಾಯಿ ಬಿಡಲಿಲ್ಲ. ಆ ಗಳಿಗೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಆಮೇಲೆ ಎದ್ದು, ಯಂತ್ರ ಸರಿಯಿದೆ, ಈ ಗದ್ದಲ ಎಲ್ಲಿಂದ ಬರುತ್ತಿದೆ ಎಂದು ನನಗೆ ಗೊತ್ತು, ನಾನೇ ತಂದಿಟ್ಟದ್ದು, ನಿಲ್ಲಿಸಿ ಬರುತ್ತೇನೆ ಎಂದೆ. ಬಸಲಿಂಗ ನನ್ನ ಮುಖ ನೋಡಿದ. ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಓಡಿದೆ.

ಕಸ್ತೂರಿ ಬಾಗಿಲಿಗೆ ಬೆನ್ನು ಮಾಡಿ ತುಳಿಯುತ್ತಿದ್ದಳು. ನಾನು ಹೇಳಿ ಮುಗಿಸುವ ಮೊದಲೇ ಕೈ ಹೊರಗೆಳೆದಳು, ಬಳೆಯನ್ನು ಗಾಲಿಯಿಂದ ಕಿತ್ತಳು. ಅತ್ತೆ ಹಿತ್ತಲಲ್ಲಿ ಕೂತಿದ್ದಾಳೆ ಎಂದೇ ಅವಳು ತಿಳಿದಿದ್ದಳು. ಅವಳ ಬಿಲ್ಲೆಯ ದೀಪ ಎಣ್ಣೆ ತೀರಿದ ಹಣತೆಯ ಹಾಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ನಾನು ಅಡ್ಡ ನಿಂತೆ. ಈ ಬಿಲ್ಲೆ ಅರ್ಧ ತಾಸೂ ತಾಳುವುದಿಲ್ಲ, ಗಂಡಸರು ಹೋಗುತ್ತಾರೆ, ನೀನು ಬೇಡ ಎಂದೆ.

"ಗಂಡಸರು ಕೂಗಿದ್ರ ಹೆದರಿ ಇನ್ನೂ ದೂರ ಹೋಗ್ತಾರ ಅಕ್ಕಾ," ಎಂದಳು. "ನಾ ಬೀಸೂ ಪದ ಹಾಡಿದ್ರ ನಿಲ್ತಾರ. ನೀ ಹೋಗಿ ಕಿವಿಗೊಟ್ಟು ಕೂಡು."

ಮರಳಿ ಬಂದಾಗ ಗದ್ದಲ ನಿಂತಿತ್ತು. ಪಡುವಣದಲ್ಲಿ, ಊರಿನ ಬೇಲಿಯಿಂದ ಬಹಳ ಆಚೆ ನೀಲಗಂಗವ್ವನ ಸ್ವರ ಸ್ಪಷ್ಟವಾಗಿ ಕೇಳಿಸಿತು. ಅದರ ಎಡಕ್ಕೆ ಕಸ್ತೂರಿಯದು, ನಡುಗುತ್ತ, ಹೆಜ್ಜೆಹೆಜ್ಜೆಗೂ ಸರಿಯುತ್ತ. ನಾನು ದಿಕ್ಕು ಹೇಳಿದೆ, ವೀರಭದ್ರಪ್ಪನವರು ತಾವೇ ಕೊಂಬು ಹಿಡಿದು ಊದಿದರು. ಎರಡು ಕೂಗು, ಬಲಕ್ಕೆ. ಇನ್ನೆರಡು. ಒಂದು ಕೂಗು, ಎಡಕ್ಕೆ. ಆ ಮುದುಕರ ಕೊರಳ ನರ ಉಬ್ಬಿ ನಿಂತಿತ್ತು. ಎರಡೂ ಸ್ವರಗಳು ಚಕ್ರದ ಒಂದೇ ಗುರುತಿಗೆ ಬಂದವು. ಆ ಗುರುತಿನಲ್ಲೇ ಬಹಳ ಹೊತ್ತು ನಿಂತವು. ಉಸುಬು ಇರಬಹುದೇ ಎಂದು ಹಿರಿಯರು ಕಣ್ಣಲ್ಲೇ ಕೇಳಿದರು. ಆಗ ಕಸ್ತೂರಿಯ ಸ್ವರ ಒಂದು ಸಲ ತುಂಡಾಯಿತು, ಮತ್ತೆ ಬಂತು, ಆಮೇಲೆ ನಿಂತಿತು.

ನಾನು ಅದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಬಸಲಿಂಗ ಬಾಗಿಲ ಹತ್ತಿರ ನಿಂತಿದ್ದ. ಅವನ ಕಡೆ ತಿರುಗಿ, ನಿಮ್ಮ ಹೆಂಡತಿಯ ಸ್ವರ ನಿಂತುಹೋಯಿತು ಎಂದೆ. ಅವನು ಅಲ್ಲೇ ನೆಲದ ಮೇಲೆ ಕೂತ. ಎಡೆಬಿಡದೆ ಊದಿರಿ ಎಂದು ಹಿರಿಯರಿಗೆ ಹೇಳಿದೆ. ಅವರು ಊದಿದರು, ದಣಿದಾಗ ನಾನು ಊದಿದೆ, ಮತ್ತೆ ಅವರು. ನೀಲಗಂಗವ್ವನ ಒಂದೇ ಸ್ವರ ಅಲ್ಲೇ ನಿಂತಿತ್ತು. ಅವಳ ಜೊತೆಯಲ್ಲಿ ಕಸ್ತೂರಿ ಇದ್ದಾಳೋ ಇಲ್ಲವೋ ತಿಳಿಯಲು ಯಾವ ದಾರಿಯೂ ಇರಲಿಲ್ಲ. ನಾನು ಎಣಿಸುತ್ತ ಕೂತೆ, ನಾನೂರರ ತನಕ ಎಣಿಸಿದ್ದು ನೆನಪಿದೆ. ಆಮೇಲೆ, ನೀಲಗಂಗವ್ವನ ಸ್ವರಕ್ಕೆ ತೀರ ಅಂಟಿಕೊಂಡು, ಕೂಸಿನ ಉಸಿರಿನಷ್ಟು ಸಣ್ಣಗೆ, ಕಸ್ತೂರಿಯದು ಮತ್ತೆ ಬಂತು. ಎರಡೂ ಒಟ್ಟಿಗೆ ನಮ್ಮ ಕಡೆ ಸರಿಯತೊಡಗಿದವು.

ನಡೆದದ್ದನ್ನು ಅವಳು ಆಮೇಲೆ ಹೇಳಿದಳು. ನೀಲಗಂಗವ್ವ ಮೊಣಕಾಲ ತನಕ ಉಸುಬಿನಲ್ಲಿ ಸಿಕ್ಕಿ ನಿಂತಿದ್ದಳು. ಕಸ್ತೂರಿ ಅಂಗಾತ ಮಲಗಿ, ಸೀರೆ ಬಿಚ್ಚಿ ಎಸೆದು, ಅವಳನ್ನು ಎಳೆದುಕೊಂಡಿದ್ದಳು. ಗಟ್ಟಿ ನೆಲದ ಮೇಲೆ ಬಂದು ಇಬ್ಬರೂ ಉಸಿರು ಬಿಡುತ್ತ ಕೂತಾಗ ಮುದುಕಿಯ ಕಣ್ಣು ಸೊಸೆಯ ಮಣಿಕಟ್ಟಿನ ಮೇಲೆ ಬಿತ್ತು. "ಯಾರ ಮಗಳವ್ವಾ ನೀ? ನಿನ್ನ ದೀಪ ಆರೇತಲ್ಲ," ಎಂದಳಂತೆ. ಯಾವ ಕೂಸಿನ ದೀಪ ಆರಿದರೂ ಯಾವ ತಾಯಿಯಾದರೂ ಮಾಡುವಂತೆ, ಕೈ ಎಳೆದು ತೊಡೆಯ ಮೇಲಿಟ್ಟುಕೊಂಡು ಅಂಗೈ ಮುಚ್ಚಿದಳಂತೆ. ಕೊಂಬಿನ ಸದ್ದಿನ ಕಡೆ ನಡೆದು ಬರುವಾಗಲೂ ಬಿಡಲಿಲ್ಲ. ಆಲಿಕೆಮನೆಯ ಬಾಗಿಲಿಗೆ ಅವರು ಬಂದದ್ದನ್ನು ನಾನು ಕಂಡೆ. ಮೈತುಂಬ ಬಿಳಿ ಕೆಸರು, ಲಂಗ ಕುಪ್ಪಸದಲ್ಲಿ ಕಸ್ತೂರಿ, ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ ಮುದುಕಿ. ಬಸಲಿಂಗ ತನ್ನ ಹೆಗಲ ಮೇಲಿನ ಶಾಲನ್ನು ಚಾಚಿದ. ಕಸ್ತೂರಿ ಅದನ್ನು ತೆಗೆದುಕೊಂಡು ಅತ್ತೆಗೆ ಹೊದಿಸಿದಳು.

ಮರುದಿನ ಆಲಿಕೆಮನೆಯ ಅಂಗಳದಲ್ಲಿ ಜನ ಸೇರಿದರು. ಬಳೆಯಿಂದ ಒಂದು ಜೀವ ಹೋಗುವುದಿತ್ತು ಎನ್ನುವುದನ್ನು ನಾವು ಯಾರೂ ಅಲ್ಲಗಳೆಯಲಿಲ್ಲ. ದಸ್ತಗೀರ್ ಸಾಹೇಬರು ತಾವೇ ಎರಡೂ ಬಳೆಗಳನ್ನು ತಂದು ಹಿರಿಯರ ಮುಂದಿಟ್ಟರು. ನನ್ನನ್ನು ಹೆಡ್‌ಫೋನಿನ ಕೆಲಸದಿಂದ ಬಿಡಿಸಿ ಕೊಂಬು ಊದಲು ಹಾಕಿದರು. ಅದು ಸರಿಯೇ ಆಗಿತ್ತು. ಬಳೆಯ ವಿಷಯಕ್ಕೆ ತೀರ್ಮಾನ ಹೀಗಾಯಿತು: ವಾರದ ರಜೆಯ ದಿನ ಬಯಲಿಗೆ ಯಾರೂ ಹೋಗದ ಮಧ್ಯಾಹ್ನ, ಆಲಿಕೆಮನೆಯ ಹಿಂದಿನ ಕೋಣೆಯಲ್ಲಿ ಅದನ್ನು ನಡೆಸಬಹುದು. ಮನೆಯಲ್ಲಿ ಕೈ ಹಿಡಿಯುವವರು ಯಾರೂ ಇಲ್ಲದವರಿಗೆ ಮಾತ್ರ. ಅಂದರೆ ಊರಿಗೆಲ್ಲ ದಸ್ತಗೀರ್ ಸಾಹೇಬರೊಬ್ಬರಿಗೆ. ಕಸ್ತೂರಿಗೆ ಗಂಡನಿದ್ದಾನೆ, ಆದ್ದರಿಂದ ಅವಳಿಗಿಲ್ಲ. ಇವತ್ತಿನಿಂದ ಹೆಂಡತಿಯ ಕೈ ಹಿಡಿಯುತ್ತೀಯಾ ಎಂದು ಹಿರಿಯರು ಬಸಲಿಂಗನನ್ನು ಕೇಳಿದರು. ಅವನು ಜನರ ಕಡೆ ನೋಡುತ್ತ, ಹಿಡಿಯುತ್ತೇನೆ ಎಂದ. ಎಲ್ಲರ ಮುಖದಲ್ಲೂ, ಮುಗಿಯಿತಲ್ಲ ಎನ್ನುವ ನೆಮ್ಮದಿ ಕಾಣಿಸಿತು. ಆಗ ಕಸ್ತೂರಿ ಎದ್ದು ನಿಂತಳು. ಪಕ್ಕದಲ್ಲಿ ನೀಲಗಂಗವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು.

"ಮೂರು ವರ್ಷದಾಗ ಮನಸಿನಿಂದ ನನ್ನ ಕೈ ಹಿಡದವರು ಒಬ್ಬರ," ಎಂದಳು. "ಅವರಿಗೆ ನನ್ನ ಹೆಸರ ನೆನಪಿಲ್ಲ. ನನಗ ಅವರ ಸಾಕು. ಅವರನ್ನ ಕರಕೊಂಡು ನಮ್ಮವ್ವನ ಮನಿಗೆ ಹೊಕ್ಕೀನಿ."

ಬಸಲಿಂಗ ತಡೆಯಬಹುದಿತ್ತು, ತಾಯಿ ಅವನವಳು. ತಡೆಯಲಿಲ್ಲ. ಅವತ್ತು ಸಂಜೆ ತಾಯಿಯ ಹಾಸಿಗೆಯನ್ನೂ ಔಷಧಿಯ ಸೀಸೆಯನ್ನೂ ತಾನೇ ಹೊತ್ತು ತಂದು ನಮ್ಮ ಕಟ್ಟೆಯ ಮೇಲಿಟ್ಟು ಹೋದ. ಆಮೇಲೆ ವಾರಕ್ಕೊಮ್ಮೆ ತಾಯಿಯ ಬಿಲ್ಲೆ ಹಿಡಿಯಲು ಬರುತ್ತಿದ್ದ. ಕಸ್ತೂರಿ ನೀರು ಕೊಟ್ಟು ಒಳಗೆ ಹೋಗುತ್ತಿದ್ದಳು.

ನೀಲಗಂಗವ್ವ ಹತ್ತು ತಿಂಗಳು ನಮ್ಮಲ್ಲಿದ್ದಳು. ಕಸ್ತೂರಿ ಮತ್ತೆ ಬಯಲಿನ ಕೆಲಸಕ್ಕೆ ಹೋದಳು. ಸಂಜೆ ಬಂದು ಕಾಲು ತೊಳೆದು ಕೂತರೆ ಮುದುಕಿ ದಿನವೂ ಯಾರ ಮಗಳು ಎಂದು ಕೇಳುತ್ತಿದ್ದಳು, ದಿನವೂ ಕೈ ಹಿಡಿಯುತ್ತಿದ್ದಳು. ನಮ್ಮವ್ವ ಮತ್ತು ಅವಳು ಒಂದೇ ಜಮಖಾನೆಯ ಮೇಲೆ ಕೂತು ಬೇರೆ ಬೇರೆ ಊರುಗಳ ಕಥೆ ಹೇಳಿಕೊಳ್ಳುತ್ತಿದ್ದರು, ಒಬ್ಬರದು ಇನ್ನೊಬ್ಬರಿಗೆ ತಿಳಿಯುತ್ತಿತ್ತೋ ಇಲ್ಲವೋ. ಮಾಘದಲ್ಲಿ ಒಂದು ಬೆಳಿಗ್ಗೆ ನೀಲಗಂಗವ್ವ ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಬಸಲಿಂಗ ಅಂಗಳದಲ್ಲಿ ನಿಂತು, ಕಸ್ತೂರಿ ಮನೆಗೆ ಬರಬಹುದು ಎಂದು ನಮ್ಮವ್ವನಿಗೆ ಹೇಳಿದ. ಅವನ ದನಿ ಮೆತ್ತಗಿತ್ತು. ಕಸ್ತೂರಿ ಹೋಗಲಿಲ್ಲ.

ಎಂಟನೆಯ ದಿನ ಅವಳ ಸ್ವರ ನಿಂತಿತು. ನೀರಿನ ಕಟ್ಟೆಯ ಬಾಗಿಲು ಅವಳಿಗೆ ತೆರೆಯಲಿಲ್ಲ. ನಾನೇ ನೀರು ತಂದೆ. ಬಯಲಿಗೆ ಹೋಗುವಂತಿರಲಿಲ್ಲ, ಮನೆಯಲ್ಲಿ ಕೂತು ಚೀಲದ ಬಾಯಿ ಹೊಲಿದಳು. ಒಂದು ದಿನ, ಎರಡು ದಿನ. ನಮ್ಮವ್ವ ಎಷ್ಟು ಬೇಡಿಕೊಂಡಳು. ನಾನೂ ಬೇಡಿಕೊಂಡೆ. ಗಂಡನ ಕೈ ಅಷ್ಟು ಕೆಟ್ಟದ್ದೇನು, ಎಂಟು ದಿನಕ್ಕೊಂದು ತಾಸು ತಾನೇ ಎಂದು ಹೇಳಿದೆ. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಕೊಟ್ಟರೆ ಬೆಳಕು, ಬಿಟ್ಟರೆ ಕತ್ತಲೆ ಎಂದು ದಿನವೂ ಅವನ ಅಂಗೈ ನೋಡಿಕೊಂಡು ಕೂತದ್ದನ್ನು ನೀನು ನೋಡಿಲ್ಲ ಅಕ್ಕಾ ಎಂದಳು. ಸ್ವರ ನಿಂತ ಆರನೆಯ ದಿನ ವೀರಭದ್ರಪ್ಪನವರು ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಹನ್ನೊಂದನೆಯ ದಿನ ಹಲಗೆಯಿಂದ ಹೆಸರು ಇಳಿಸುವವರು ಅವರೇ. ಕಸ್ತೂರಿಯನ್ನು ಎದುರಿಗೆ ಕೂರಿಸಿಕೊಂಡು, ಯಾಕೆ ಹೋಗುವುದಿಲ್ಲ, ಒಂದು ಕಾರಣ ಹೇಳು, ಬರೆದುಕೊಳ್ಳುತ್ತೇನೆ ಎಂದರು.

"ಹಿಡೀರಿ ಅಂತ ಕೇಳೂದು ಭಾಳ ಕಷ್ಟ ಆಗ್ತದ್ರಿ, ಹಿರಿಯಾರ," ಎಂದಳು ಕಸ್ತೂರಿ. "ಯಾಕ ಹಿಡೀಲಿಲ್ಲ ಅಂತ ಊರಿಗೆ ಹೇಳೂದು ಅದಕ್ಕಿಂತ ಕಷ್ಟ."

ಮುದುಕರು ಏನನ್ನೂ ಬರೆದುಕೊಳ್ಳಲಿಲ್ಲ. ನಮ್ಮವ್ವ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಕೆಳಗಿಟ್ಟು ಎದ್ದರು. ಮರುದಿನ ಬೆಳಿಗ್ಗೆ ಆಲಿಕೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ರಜೆಯ ದಿನ ಮಧ್ಯಾಹ್ನ ಹಿಂದಿನ ಕೋಣೆಗೆ ಯಾರು ಬೇಕಾದರೂ ಬರಬಹುದು. ಕೈ ಇಲ್ಲ ಎಂದು ಅವರು ಹೇಳಿದರೆ ಸಾಕು. ಯಾಕಿಲ್ಲ ಎಂದು ಯಾರೂ ಕೇಳಕೂಡದು. ಕೋಣೆಯನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು.

ಒಂಬತ್ತನೆಯ ದಿನ ರಜೆ ಬಿತ್ತು. ನಾನು ಎರಡು ಹೊಲಿಗೆ ಯಂತ್ರಗಳನ್ನು ಒರೆಸಿ, ಎರಡು ಬಳೆಗಳನ್ನು ಸಿಕ್ಕಿಸಿ, ಎರಡು ಚೌಕಿಗಳನ್ನು ಹಾಕಿದೆ, ಒಂದು ಕಸ್ತೂರಿಗೆ, ಒಂದು ಸಾಹೇಬರಿಗೆ. ಅವರಿಬ್ಬರೂ ಬಂದು ಕೂತರು. ಕಸ್ತೂರಿ ತುಳಿದಳು, ಅವಳ ದೀಪ ಏರಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಪಡುವಣ ಓಣಿಯ ನಾಗೇಂದ್ರವ್ವ. ನಾಲ್ಕು ಗಂಡುಮಕ್ಕಳ ತಾಯಿ, ಮನೆ ತುಂಬ ಸೊಸೆಯಂದಿರು. ನನ್ನ ಮುಖ ನೋಡದೆ, ಕೈ ಇಲ್ಲ ಎಂದಳು. ಅವಳ ಹಿಂದೆ ಸವುಳು ತೂಗುವ ಗುಮಾಸ್ತ. ಅವನ ಹಿಂದೆ ಹೋದ ವರ್ಷ ಮದುವೆಯಾದ ಒಬ್ಬಳು, ಅವಳ ಬಿಲ್ಲೆಯಿಂದ ತವರಿನ ಅಂಗೈಗಳನ್ನು ಅಳಿಸಿದವಳೂ ನಾನೇ. ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ ಹತ್ತೊಂಬತ್ತು ಜನರಿದ್ದರು. ದಸ್ತಗೀರ್ ಸಾಹೇಬರು ತಮ್ಮ ಕೈ ಬೇಗ ತೆಗೆದು ಜಾಗ ಬಿಟ್ಟರು, ಮನೆಗೆ ಹೋಗಿ ಮೂರನೆಯ ಬಳೆ ಸುತ್ತಲು ಶುರುಮಾಡಿದರು.

ಮೂರನೆಯ ವಾರ ಮೂರು ಬಳೆಗಳೂ ನಡೆದು, ರಾತ್ರಿ ಎಲ್ಲರೂ ಹೋದ ಮೇಲೆ ನಾನು ಬಾಗಿಲು ಮುಚ್ಚುವುದರಲ್ಲಿದ್ದೆ. ವೀರಭದ್ರಪ್ಪನವರು ಬಂದು ಹೊಸ್ತಿಲ ಹೊರಗೆ ನಿಂತರು. ಲೆಕ್ಕ ಕೇಳಲು ಬಂದಿರಬೇಕೆಂದು, ಅವತ್ತು ಇಪ್ಪತ್ತಾರು ಜನ ಬಂದಿದ್ದರು ಎಂದೆ. ಅವರು ತಲೆಯಾಡಿಸಿದರು, ಆದರೆ ಹೋಗಲಿಲ್ಲ. ಅವರ ಮನೆಯಲ್ಲಿ ಒಂಬತ್ತು ಜನ. ಅವರ ಹೆಂಡತಿಯನ್ನು ಅವತ್ತು ಬೆಳಿಗ್ಗೆ ತಾನೇ ಸಂತೆಯಲ್ಲಿ ಕಂಡು ಮಾತಾಡಿಸಿದ್ದೆ. ಮುದುಕರು ಒಳಗೆ ಬಂದು ಚೌಕಿಯ ಮೇಲೆ ಮೆಲ್ಲಗೆ ಕೂತರು. ಮೊಣಕಾಲು ನೋವು, ತುಳಿಯಲು ಆಗುವುದಿಲ್ಲ ಎಂದರು. ಆಮೇಲೆ ಅಂಗಿಯ ತೋಳನ್ನು ಮೇಲೆ ಸರಿಸಿ, ಮಣಿಕಟ್ಟನ್ನು ಬಳೆಯೊಳಗೆ ಇಟ್ಟರು. ಅವರ ಬಿಲ್ಲೆಯ ದೀಪ ನಡುಗುತ್ತಿತ್ತು.

ನಾನು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಪೆಡಲಿನ ಮೇಲೆ ಕಾಲಿಟ್ಟೆ. ಗಾಲಿ ತಿರುಗಿತು. ಏನನ್ನೂ ಕೇಳಕೂಡದು ಎಂದು ಬರೆದವರು ಅವರೇ; ನಾನು ಕೇಳಲಿಲ್ಲ. ಅರ್ಧ ತಾಸಾದ ಮೇಲೆ ಅವರಾಗಿಯೇ ಬಾಯಿ ಬಿಟ್ಟರು.

"ಆರು ವರ್ಷ ಆತು," ಎಂದರು. "ಮೊಮ್ಮಕ್ಕಳಿಗೆ ಬೆಲ್ಲ ಕೊಟ್ಟು ಹಿಡಿಸ್ಕೋತಿದ್ದೆ. ಈಗ ಅವರೂ ದೊಡ್ಡವರಾದ್ರು."

ನಾನು ಹೂಂ ಎಂದೆ. ಇನ್ನೂ ಅರ್ಧ ತಾಸು ತುಳಿಯುವುದಿತ್ತು, ತುಳಿದೆ.